ಸಗಣಿಗೂ ಕಾರ್ಬನ್ ಕ್ರೆಡಿಟ್: ಸಹಿ ಹಾಕುವ ಮುನ್ನ ತಿಳಿಯಬೇಕಾದ್ದು



"ನಿಮ್ಮ ಹೊಲಕ್ಕೆ, ನಿಮ್ಮ ಸಗಣಿಗೆ ಕಾರ್ಬನ್ ಕ್ರೆಡಿಟ್ ಕೊಡಿಸುತ್ತೇವೆ, ಇಲ್ಲೊಂದು ಸಹಿ ಹಾಕಿ" ಎಂದು ಕಾಗದ ಹಿಡಿದು ಹಳ್ಳಿಗೆ ಬರುವವರಿದ್ದಾರೆ. ಬಂದವರೆಲ್ಲ ಮೋಸಗಾರರಲ್ಲ. ಹಾಗೆಂದು ಕಂಡ ಕಾಗದಕ್ಕೆಲ್ಲ ಹೆಬ್ಬೆಟ್ಟು ಒತ್ತುವುದೂ ಸರಿಯಲ್ಲ. ಈ ಕ್ರೆಡಿಟ್ ನಮ್ಮ ಕೊಟ್ಟಿಗೆಯಲ್ಲಿ ಎಲ್ಲಿ ಹುಟ್ಟುತ್ತದೆ, ಕೈಗೆ ಎಷ್ಟು ಬರಬಹುದು, ಯಾರ ಕೈಗೆ ಬರುತ್ತದೆ ಎಂಬುದನ್ನು ಲೆಕ್ಕ ಸಮೇತ ನೋಡೋಣ.

ಕ್ರೆಡಿಟ್ ಎಂದ ಕೂಡಲೇ ಸಾಲ ಎಂದು ಹೆದರಬೇಡಿ. ಕಿಸಾನ್ ಕ್ರೆಡಿಟ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಒಂದು ಟನ್ ಇಂಗಾಲದ ಡೈಆಕ್ಸೈಡ್ ಅಥವಾ ಅಷ್ಟೇ ಬಿಸಿ ಹೆಚ್ಚಿಸುವ ಬೇರೆ ಅನಿಲವನ್ನು ಗಾಳಿಗೆ ಸೇರದಂತೆ ತಡೆದರೆ ಒಂದು ಕ್ರೆಡಿಟ್. ತಮ್ಮ ಹೊಗೆಯ ಲೆಕ್ಕ ಸರಿದೂಗಿಸಿಕೊಳ್ಳಲು ಕಂಪನಿಗಳು ಇದನ್ನು ಕೊಳ್ಳುತ್ತವೆ. ಡೇರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ಅಳೆದು ಹಾಲಿಗೆ ದರ ಕಟ್ಟುವಂತೆ ಇಲ್ಲಿಯೂ ಅಳತೆ ಇದೆ. ಅಳೆದು, ಹೊರಗಿನ ಪರಿಶೋಧಕರು ಒಪ್ಪಿದ ಮೇಲೆಯೇ ಕ್ರೆಡಿಟ್. ಒಂದು ಮನೆಯ ಹಾಲಿಗಾಗಿ ಟ್ಯಾಂಕರ್ ಬರುವುದಿಲ್ಲ, ಹಾಗೆಯೇ ಒಬ್ಬರ ಕ್ರೆಡಿಟ್ ಮಾರಲಾಗುವುದಿಲ್ಲ. ನೂರಾರು, ಸಾವಿರಾರು ಮನೆಗಳು ಸೇರಲೇಬೇಕು.

ತಿಪ್ಪೆಯಿಂದ ಶುರು ಮಾಡೋಣ. ಒದ್ದೆ ಸಗಣಿ ಗುಂಡಿಯಲ್ಲಿ ಗಾಳಿಯಾಡದೆ ಕೊಳೆತಾಗ ಮೀಥೇನ್ ಹೊರಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. (ರಾಸು ಮೆಲುಕು ಹಾಕುವಾಗ ತೇಗಿನಲ್ಲಿ ಹೋಗುವ ಮೀಥೇನ್ ಇದಕ್ಕಿಂತ ಹೆಚ್ಚು, ಸಮತೋಲನ ಆಹಾರದಿಂದ ಅದನ್ನು ತಗ್ಗಿಸಬಹುದು, ಅದು ಬೇರೆಯದೇ ಪಾಠ.) ಅದೇ ಸಗಣಿಯನ್ನು ಗೋಬರ್ ಗ್ಯಾಸ್ ತೊಟ್ಟಿಗೆ ಹಾಕಿದರೆ ಮೀಥೇನ್ ಒಲೆಯಲ್ಲಿ ಉರಿದುಹೋಗುತ್ತದೆ, ಸೌದೆಯೂ ಉಳಿಯುತ್ತದೆ. 2 ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಹೊರಬರುವ ಬಗ್ಗಡ ಹೊಲಕ್ಕೆ ಹೋದರೆ ಯೂರಿಯಾ ಕಡಿಮೆ ಸಾಕು. ಯೂರಿಯಾದಿಂದ ಏಳುವ ನೈಟ್ರಸ್ ಆಕ್ಸೈಡ್ ಮೀಥೇನಿಗಿಂತಲೂ ಕೆಟ್ಟದ್ದು.

ಇನ್ನೊಂದು ದಾರಿ ಮಣ್ಣು. ಬಗ್ಗಡ, ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಕೊಡುವುದು, ಕೂಳೆ ಸುಡದಿರುವುದು, ಉಳುಮೆ ತಗ್ಗಿಸುವುದು, ರಾಗಿಯ ಜೊತೆ ಅವರೆ, ಅಲಸಂದೆ ಹಾಕುವುದು, ಬದುವಿನಲ್ಲಿ ಮೇವಿನ ಮರ ಬೆಳೆಸುವುದು. ಪುನಶ್ಚೇತನ ಕೃಷಿ ಎಂದು ಈಗ ಹೆಸರಿಟ್ಟಿದ್ದಾರೆ. ನಮ್ಮ ಅಜ್ಜಿಯಂದಿರಿಗೆ ಇದರಲ್ಲಿ ಮುಕ್ಕಾಲು ಭಾಗ ಗೊತ್ತಿತ್ತು. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 800 ಟನ್ ತೂಗುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ 0.4ರಿಂದ 0.5ಕ್ಕೆ ಏರಿದರೆ ಮಣ್ಣಿಗೆ 800 ಕಿಲೋ ಇಂಗಾಲ ಸೇರಿತು. ಗಾಳಿಯ ಲೆಕ್ಕಕ್ಕೆ 3.67ರಿಂದ ಗುಣಿಸಿದರೆ 2.9 ಟನ್, ಅಂದರೆ ಹೆಚ್ಚುಕಡಿಮೆ ಮೂರು ಕ್ರೆಡಿಟ್. ಆದರೆ ಮಳೆಯಾಶ್ರಿತ ಹೊಲದಲ್ಲಿ ಇಷ್ಟು ಏರಲು ವರ್ಷಗಳೇ ಬೇಕು. ನಡುವೆ ಬಿಟ್ಟು ಆಳವಾಗಿ ಉತ್ತರೆ ಸೇರಿದ್ದು ಮತ್ತೆ ಗಾಳಿಗೇ ಹೋಗುತ್ತದೆ. ಅದಕ್ಕೇ ಮಣ್ಣಿನ ಒಪ್ಪಂದಗಳು ಹತ್ತಾರು ವರ್ಷ ಎಳೆಯುತ್ತವೆ.

ಇದೆಲ್ಲ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬಾಗೇಪಲ್ಲಿ ಕಡೆಯ ಕೂಲಿ ಕುಟುಂಬಗಳ ಸಂಘ 2 ಘನ ಮೀಟರಿನ 5,500 ಗೋಬರ್ ಗ್ಯಾಸ್ ಘಟಕಗಳ ಯೋಜನೆಯನ್ನು 2005ರಲ್ಲೇ ವಿಶ್ವಸಂಸ್ಥೆಯ ವ್ಯವಸ್ಥೆಯಡಿ ನೋಂದಾಯಿಸಿತು. ಸೌದೆ, ಸೀಮೆಎಣ್ಣೆ ಉಳಿದ ಲೆಕ್ಕದಲ್ಲಿ ಮನೆಗೆ ವರ್ಷಕ್ಕೆ ಸುಮಾರು ಮೂರೂವರೆ ಟನ್ ಎಂದು ಅಂದಾಜಾಗಿತ್ತು. ಅದೇ ವ್ಯವಸ್ಥೆಯ ಕ್ರೆಡಿಟ್ ದರ 2008ರಲ್ಲಿ 20 ಯೂರೋ ದಾಟಿತ್ತು. 2012ರ ಕೊನೆಗೆ ಒಂದು ಯೂರೋಗಿಂತಲೂ ಕೆಳಗೆ ಕುಸಿಯಿತು. ಹಾಲಿನ ದರ ಹೀಗೆ ಕುಸಿದರೆ ನಾವು ಬೀದಿಗಿಳಿಯುತ್ತೇವೆ. ಇಲ್ಲಿ ಕೇಳುವವರಿಲ್ಲ.

ಈಗ ಮನೆ ಲೆಕ್ಕ. ಮೂರೂವರೆ ಕ್ರೆಡಿಟ್, ಲೆಕ್ಕದ ಅನುಕೂಲಕ್ಕೆ ತಲಾ 500 ರೂಪಾಯಿ ಎಂದುಕೊಳ್ಳಿ: 1,750 ರೂಪಾಯಿ. ಪರಿಶೋಧನೆಯ ಖರ್ಚು, ಕಂಪನಿಯ ಪಾಲು ಎಂದು ಅರ್ಧ ಹೋದರೆ ಕೈಗೆ ಬರುವುದು ವರ್ಷಕ್ಕೆ 875. ಎರಡು ಹಸು ಕಟ್ಟಿದವರಿಗೆ ಇದು ಒಂದು ಬಟವಾಡೆಯಷ್ಟೂ ಅಲ್ಲ. ತಿಂಗಳಿಗೊಂದು ಸಿಲಿಂಡರ್ ಉಳಿದರೆ ವರ್ಷಕ್ಕೆ ಆಗುವ ಲಾಭ ಇದರ ಹತ್ತು ಪಟ್ಟು ಇರಬಹುದು. ಬಗ್ಗಡದ ಬೆಲೆ ಬೇರೆ: ಗುಜರಾತಿನ ಆನಂದ್ ಜಿಲ್ಲೆಯ ಜಕರಿಯಾಪುರದಲ್ಲಿ ಎನ್‌ಡಿಡಿಬಿ ನೆರವಿನಿಂದ ಮಹಿಳೆಯರೇ ಸಹಕಾರ ಸಂಘ ಕಟ್ಟಿಕೊಂಡು, ತಮ್ಮ ಹೊಲಕ್ಕೆ ಬಳಸಿ ಮಿಕ್ಕ ಬಗ್ಗಡವನ್ನು ಮಾರುತ್ತಾರೆ. ಆದ್ದರಿಂದ ಕ್ರೆಡಿಟ್ ನಂಬಿ ಗೋಬರ್ ಗ್ಯಾಸ್ ಕಟ್ಟಿಸಬೇಡಿ. ಅಡುಗೆಗೆ, ಹೊಲಕ್ಕೆ ಎಂದು ಕಟ್ಟಿಸಿ, ಕ್ರೆಡಿಟ್ ಬಂದರೆ ಮೇಲಿನ ಕೆನೆ. ವರ್ಷಕ್ಕೆ ಹತ್ತಿಪ್ಪತ್ತು ಸಾವಿರ ಕೊಡಿಸುತ್ತೇನೆ ಎನ್ನುವವರಿಗೆ ಇದೇ ಲೆಕ್ಕ ಬರೆದು ತೋರಿಸಲು ಹೇಳಿ.

ಎಲ್ಲಕ್ಕಿಂತ ಮುಖ್ಯ, ಹೆಸರು ಯಾರದು? ಸಗಣಿ ಬಾಚುವವರು, ತೊಟ್ಟಿಗೆ ಕಲಸಿ ಹಾಕುವವರು, ಒಲೆ ಹಚ್ಚುವವರು ನೀವು. ಮಣ್ಣಿನ ಒಪ್ಪಂದಕ್ಕೆ ಪಹಣಿ ಕೇಳುತ್ತಾರೆ. ಪಹಣಿ ಗಂಡನ ಅಥವಾ ಮಾವನವರ ಹೆಸರಿನಲ್ಲಿದ್ದರೆ ಹಣವೂ ಅವರ ಖಾತೆಗೇ. ಗೋಬರ್ ಗ್ಯಾಸಿನ ಲೆಕ್ಕ ಹೊಲದ್ದಲ್ಲ, ಒಲೆಯದು. ಅದನ್ನು ನಿಮ್ಮ ಹೆಸರಿಗೆ, ಹಾಲಿನ ಹಣ ಬೀಳುವ ನಿಮ್ಮದೇ ಖಾತೆಗೆ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಕೇಳಿದರೆ ಬರೆಯುತ್ತಾರೆ, ಕೇಳದಿದ್ದರೆ ಮನೆ ಯಜಮಾನರ ಹೆಸರು ತಾನಾಗಿ ಬೀಳುತ್ತದೆ.

ಕಾಗದದ ಕನ್ನಡ ಪ್ರತಿ ಕೇಳಿ ಪಡೆಯಿರಿ. ಎಷ್ಟು ವರ್ಷ, ಶೇಕಡಾ ಎಷ್ಟು ಪಾಲು, ಹಣ ಯಾವಾಗ, ನಡುವೆ ಬಿಟ್ಟರೆ ದಂಡವಿದೆಯೇ ಎಂಬುದು ಅದರಲ್ಲಿ ಇರಲೇಬೇಕು. ಸಹಿ ಬಿದ್ದ ಮೇಲೆ ಕ್ರೆಡಿಟ್ ಹಕ್ಕು ಅವರದಾಗುತ್ತದೆ, ಅದೇ ಘಟಕವನ್ನು ಇನ್ನೊಬ್ಬರಿಗೆ ಬರೆದುಕೊಡುವಂತಿಲ್ಲ. ನೋಂದಣಿ ಶುಲ್ಕ ಎಂದು ಮೊದಲೇ ಹಣ ಕೇಳಿದರೆ ಕಾಗದ ಹಿಂದಿರುಗಿಸಿ. ಒಬ್ಬೊಬ್ಬರೇ ನಿರ್ಧರಿಸುವ ಬದಲು ಸಂಘದ ಸಭೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿ, ವಿಸ್ತರಣಾಧಿಕಾರಿಯನ್ನೂ ಕರೆಸಿ.

ಹಳೆಯ ಘಟಕ ಇರುವವರಿಗೆ ಸಾಮಾನ್ಯವಾಗಿ ಕ್ರೆಡಿಟ್ ಸಿಗುವುದಿಲ್ಲ. ಹೊಸದಾಗಿ ತಡೆದ ಹೊಗೆಗಷ್ಟೇ ಲೆಕ್ಕ. ಹೊಸದು ಕಟ್ಟಿಸುವವರು ಗುಂಡಿ ತೋಡುವ ಮುನ್ನವೇ ಯೋಜನೆಯವರೊಂದಿಗೆ ಮಾತಾಡಿ. ಈಗಿನ ಸೌದೆ ಒಲೆಯ, ತಿಪ್ಪೆಯ ಫೋಟೋ ತೆಗೆದಿಡಿ. ರಸೀದಿಗಳನ್ನು ಹಾಲಿನ ಪಾಸ್‌ಬುಕ್ ಜೊತೆ ಇಡಿ. ಒಲೆ ಉರಿಯದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬನ್ನಿ, ಪರಿಶೋಧಕರು ಬಂದಾಗ ಕೇಳುವುದು ಅದನ್ನೇ.