ಅಂತರ್ಜಾಲದ ಪಾವತಿ ಸಮೀಕ್ಷೆಗಳು: ಹಣ ಯಾರಿಂದ ಯಾರಿಗೆ?

ಮನೆಯಲ್ಲಿ ಕುಳಿತು ಗಣಕಯಂತ್ರದಲ್ಲಿಯೋ ಮೊಬೈಲಿನಲ್ಲಿಯೋ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿ ಹಣ ಗಳಿಸಬಹುದೆಂಬ ಪ್ರಚಾರವು ವ್ಯಾಪಾರಸ್ಥರನ್ನೂ ಅವರ ಕುಟುಂಬದವರನ್ನೂ ಆಕರ್ಷಿಸುತ್ತಿದೆ. ಈ ವ್ಯವಹಾರವು ಸಂಪೂರ್ಣ ಮೋಸವೂ ಅಲ್ಲ, ಪ್ರಚಾರದಲ್ಲಿ ಹೇಳುವಷ್ಟು ಲಾಭದಾಯಕವೂ ಅಲ್ಲ. ಯಾವುದೇ ವಹಿವಾಟನ್ನು ಪರಿಶೀಲಿಸುವಾಗ ಕೇಳುವ ಪ್ರಶ್ನೆಯನ್ನೇ ಇಲ್ಲಿಯೂ ಮೊದಲು ಕೇಳತಕ್ಕದ್ದು: ಹಣವು ಯಾರಿಂದ ಹೊರಟು ಯಾರನ್ನು ಸೇರುತ್ತದೆ?

ನಿಜವಾದ ಸಮೀಕ್ಷೆಯಲ್ಲಿ ಇದಕ್ಕೆ ಉತ್ತರ ಸರಳವಾಗಿದೆ. ಸೋಪನ್ನೋ ಪಂಪ್‌ಸೆಟ್ಟನ್ನೋ ತಯಾರಿಸುವ ಕಂಪನಿಗೆ ಬಳಕೆದಾರರ ಅಭಿಪ್ರಾಯ ಬೇಕಾಗಿರುತ್ತದೆ. ಅದು ಮಾರುಕಟ್ಟೆ ಸಂಶೋಧನಾ ಸಂಸ್ಥೆಗೆ ಶುಲ್ಕ ಕೊಡುತ್ತದೆ. ಆ ಸಂಸ್ಥೆಯು ಉತ್ತರಿಸುವವರ ಪಟ್ಟಿಯನ್ನು ಇಟ್ಟುಕೊಂಡಿರುವ ಮತ್ತೊಂದು ಸಂಸ್ಥೆಗೆ ಅದರಲ್ಲೊಂದು ಭಾಗ ಕೊಡುತ್ತದೆ. ಕೊನೆಗೆ ಉಳಿದ ಸಣ್ಣ ಪಾಲು ಉತ್ತರಿಸಿದವರಿಗೆ ಸಲ್ಲುತ್ತದೆ. ಹಣವು ಈ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಉತ್ತರಿಸುವವನು ಪ್ರವೇಶಧನ, ಚಂದಾ, ತರಬೇತಿ ಶುಲ್ಕ ಮುಂತಾಗಿ ಯಾವ ಹೆಸರಿನಲ್ಲಿಯೇ ಆಗಲಿ ಹಣ ತೆರಬೇಕಾಗಿ ಬಂದಲ್ಲಿ ಅದು ಸಮೀಕ್ಷೆಯಲ್ಲ, ಬೇರೆ ಏನೋ ಆಗಿದೆಯೆಂದು ತಿಳಿಯಬೇಕು.

ಇದಕ್ಕೆ ನಮ್ಮ ದೇಶದಲ್ಲಿಯೇ ದೊಡ್ಡ ನಿದರ್ಶನವಿದೆ. ಸಿಂಗಪುರದಲ್ಲಿ ನೋಂದಾಯಿತವಾಗಿದ್ದ ಸ್ಪೀಕ್ ಏಷ್ಯಾ ಆನ್‌ಲೈನ್ ಎಂಬ ಕಂಪನಿಯು 2010ರಲ್ಲಿ ಭಾರತದಲ್ಲಿ ಸದಸ್ಯರನ್ನು ಸೇರಿಸತೊಡಗಿತು. ವರ್ಷಕ್ಕೆ 11,000 ರೂಪಾಯಿ ಚಂದಾ. ವಾರಕ್ಕೆ ಎರಡು ಸಮೀಕ್ಷೆ. ಒಂದಕ್ಕೆ 500 ರೂಪಾಯಿ. ಅಂದರೆ ವರ್ಷಕ್ಕೆ 52,000 ರೂಪಾಯಿಗಳ ಆಸೆ. ಹೊಸಬರನ್ನು ಕರೆತಂದವರಿಗೆ ಇದರ ಮೇಲೆ ಪ್ರತ್ಯೇಕ ಪ್ರತಿಫಲ. ಸದಸ್ಯರ ಸಂಖ್ಯೆ ಸುಮಾರು 19 ಲಕ್ಷವೆಂದು ಹೇಳಲಾಗುತ್ತಿತ್ತು. ಈ ಅಂಕಿಗಳನ್ನೇ ಹಿಡಿದು ಒಂದು ಕಾಗದದ ಮೇಲೆ ಜಮಾ-ಖರ್ಚು ಬರೆದರೆ ಚಂದಾ ರೂಪದಲ್ಲಿ ಬಂದದ್ದು 2,090 ಕೋಟಿ ರೂಪಾಯಿ. ಒಂದು ವರ್ಷದಲ್ಲಿ ಕೊಡಬೇಕಾದದ್ದು 9,880 ಕೋಟಿ ರೂಪಾಯಿ. ನಡುವಿನ 7,790 ಕೋಟಿ ರೂಪಾಯಿಗಳನ್ನು ಸಮೀಕ್ಷೆ ಮಾಡಿಸುವ ಕಂಪನಿಗಳು ಕೊಡಬೇಕಾಗಿತ್ತು. ಕೇವಲ ಕೆಲವು ಪ್ರಶ್ನೆಗಳ ಉತ್ತರಕ್ಕಾಗಿ ಅಷ್ಟು ಮೊತ್ತ ತೆರುವ ಉದ್ಯಮಿ ಯಾರಿದ್ದಾರೆ? 2011ರ ಮೇ ತಿಂಗಳಲ್ಲಿ ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ವಿಚಾರಿಸಿದಾಗ, ಗ್ರಾಹಕರೆಂದು ಹೆಸರಿಸಲಾಗಿದ್ದ ಕಂಪನಿಗಳು ತಮಗೂ ಅದಕ್ಕೂ ಸಂಬಂಧವಿಲ್ಲವೆಂದವು. ಪಾವತಿ ನಿಂತಿತು, ಮುಂಬಯಿ ಪೊಲೀಸರ ಆರ್ಥಿಕ ಅಪರಾಧ ವಿಭಾಗದ ತನಿಖೆ ಆರಂಭವಾಯಿತು, ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು.

ಕೂಡಿಸಿ ಕಳೆಯುವ ಈ ಲೆಕ್ಕವನ್ನು ಮೂರನೆಯ ತರಗತಿಯ ಬಾಲಕನೂ ಮಾಡಬಲ್ಲ. ಆದರೂ ದಿನವಿಡೀ ಲೆಕ್ಕದಲ್ಲಿಯೇ ಮುಳುಗಿರುವವರು ಸಹ ಇಂತಹ ಕಡೆ ಅದನ್ನು ಮಾಡುವುದಿಲ್ಲ. ವ್ಯಾಪಾರಸ್ಥರಿಗೆ ಇಲ್ಲಿ ಇನ್ನೊಂದು ಅಪಾಯವೂ ಉಂಟು. ಊರಿನಲ್ಲಿ ಅಂಗಡಿಯವರ ಮಾತಿಗೆ ಬೆಲೆ ಇರುವುದರಿಂದ ಇಂತಹ ಯೋಜನೆಯವರು ಮೊದಲು ಅವರನ್ನೇ ಹುಡುಕಿಕೊಂಡು ಬರುತ್ತಾರೆ. 1978ರ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯಿದೆಯ ಪ್ರಕಾರ ಹಣ ಚಲಾವಣೆ ಯೋಜನೆಯನ್ನು ನಡೆಸುವುದಷ್ಟೇ ಅಲ್ಲ, ಅದಕ್ಕೆ ಜನರನ್ನು ಸೇರಿಸುವುದೂ ಅಪರಾಧ. 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಸ್ವಂತ 11,000 ಹೋದರೆ ನಷ್ಟ ಅಷ್ಟಕ್ಕೇ ಮುಗಿಯುತ್ತದೆ. ಗಿರಾಕಿಗಳಿಂದ ಕಟ್ಟಿಸಿದ ಹಣ ಹೋದರೆ ಅಂಗಡಿಯ ಹೆಸರೂ ಅದರೊಂದಿಗೆ ಹೋಗುತ್ತದೆ.

ಇತ್ತೀಚಿನ ಮೋಸದ ರೂಪ ಸ್ವಲ್ಪ ಬದಲಾಗಿದೆ. ಮೊಬೈಲಿಗೆ ಸಂದೇಶ ಬರುತ್ತದೆ. ಸಮೀಕ್ಷೆಗೋ ಹೋಟೆಲಿಗೆ ಅಂಕ ಕೊಡುವುದಕ್ಕೋ ನೂರಿನ್ನೂರು ರೂಪಾಯಿ ತಕ್ಷಣ ಜಮೆಯಾಗುತ್ತದೆ. ನಂಬಿಕೆ ಹುಟ್ಟಿದ ಮೇಲೆ ಮುಂಗಡ ಕಟ್ಟಿದರೆ ಹೆಚ್ಚಿನ ಕೆಲಸವೆಂದು ಸಾವಿರ, ಲಕ್ಷಗಳನ್ನು ಸೆಳೆಯಲಾಗುತ್ತದೆ. ಕೇಂದ್ರ ಗೃಹ ಸಚಿವಾಲಯವು 2023ರ ಡಿಸೆಂಬರ್‌ನಲ್ಲಿ ಇಂತಹ 100ಕ್ಕೂ ಹೆಚ್ಚು ತಾಣಗಳನ್ನು ನಿರ್ಬಂಧಿಸಿತು. ಈ ತಂಡಗಳಿಗೆ ವ್ಯಾಪಾರಸ್ಥರ ಚಾಲ್ತಿ ಖಾತೆಗಳೂ ಬೇಕಾಗುತ್ತವೆ. ಕಮಿಷನ್ ಆಸೆಗೆ ಖಾತೆಯನ್ನು ಬಳಸಲು ಕೊಟ್ಟವನ ಮೇಲೆ ಮೊಕದ್ದಮೆ ಬರುತ್ತದೆ; ಖಾತೆ ಸ್ತಂಭನಗೊಂಡಾಗ ಸರಕಿನ ಪಾವತಿಯೂ ನೌಕರರ ಸಂಬಳವೂ ಒಟ್ಟಿಗೇ ನಿಲ್ಲುತ್ತವೆ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು.

ನಿಜವಾದ ಸಮೀಕ್ಷೆಯಲ್ಲಿ ಗಳಿಸುವ ಬಗೆ

ಉತ್ತರಿಸುವವರನ್ನು ಮೊದಲು ಕೆಲವು ಪ್ರಶ್ನೆಗಳಿಂದ ಸೋಸಲಾಗುತ್ತದೆ. ವಯಸ್ಸು, ಊರು, ವೃತ್ತಿ, ಬಳಸುವ ವಸ್ತು ಇವುಗಳ ಪ್ರಕಾರ ಇಂತಿಷ್ಟೇ ಜನರೆಂಬ ಮಿತಿ ಇರುತ್ತದೆ. ಮಿತಿ ತುಂಬಿದೊಡನೆ ಬಾಗಿಲು ಮುಚ್ಚುತ್ತದೆ. ಆದುದರಿಂದ ಆಹ್ವಾನ ಬಂದ ಕೂಡಲೇ ಉತ್ತರಿಸುವವರಿಗೆ ಅವಕಾಶ ಹೆಚ್ಚು. ಜಾಹೀರಾತು, ಪತ್ರಿಕೋದ್ಯಮ, ಮಾರುಕಟ್ಟೆ ಸಂಶೋಧನೆ ಹಾಗೂ ಆಯಾ ಸರಕಿನ ವ್ಯಾಪಾರದಲ್ಲಿರುವವರನ್ನು ಗ್ರಾಹಕ ಸಮೀಕ್ಷೆಯಿಂದ ಹೊರಗಿಡುವುದು ರೂಢಿ. ಎಣ್ಣೆ ವ್ಯಾಪಾರಿಯನ್ನು ಎಣ್ಣೆಯ ಸಮೀಕ್ಷೆಯಿಂದ ಬಿಟ್ಟರೆ ಅದರಲ್ಲಿ ಅವಮಾನವೇನೂ ಇಲ್ಲ. ವೃತ್ತಿಯನ್ನು ಮರೆಮಾಚಿ ಒಳಹೊಕ್ಕವನ ಉತ್ತರಗಳು ಹಿಂದಿನ ಉತ್ತರಗಳಿಗೆ ತಾಳೆಯಾಗದೆ ಖಾತೆ ರದ್ದಾಗುವುದುಂಟು. ಒಂದೇ ಮನೆಯಿಂದ ನಾಲ್ಕು ಹೆಸರಿನಲ್ಲಿ ಉತ್ತರಿಸುವುದು, ಎಲ್ಲಕ್ಕೂ ಒಂದೇ ಸಾಲಿನಲ್ಲಿ ಗುರುತು ಹಾಕುವುದು, ಹದಿನೈದು ನಿಮಿಷದ ಪ್ರಶ್ನೆಗಳನ್ನು ಮೂರು ನಿಮಿಷದಲ್ಲಿ ಮುಗಿಸುವುದು ಇವೆಲ್ಲವನ್ನೂ ಗಣಕಯಂತ್ರವೇ ಹಿಡಿಯುತ್ತದೆ. ಓದುತ್ತಿದ್ದಾರೆಯೇ ಎಂದು ನೋಡಲು ನಡುವೆ ಪರೀಕ್ಷಾ ಪ್ರಶ್ನೆಯನ್ನೂ ಸೇರಿಸಿರುತ್ತಾರೆ.

ಆದಾಯ ಎಷ್ಟೆಂಬುದನ್ನು ಗಂಟೆಯ ಲೆಕ್ಕದಲ್ಲಿಯೇ ನೋಡಬೇಕು. ಉದಾಹರಣೆಗೆ, ಒಬ್ಬರು ಐದು ಸಮೀಕ್ಷೆಗಳನ್ನು ಆರಂಭಿಸಿ ಮೂರರಲ್ಲಿ ತಲಾ 5 ನಿಮಿಷದ ನಂತರ ಹೊರಬಿದ್ದು, ಎರಡನ್ನು ತಲಾ 15 ನಿಮಿಷದಲ್ಲಿ ಮುಗಿಸಿ ತಲಾ 40 ರೂಪಾಯಿ ಪಡೆದರೆನ್ನೋಣ. ಸಮಯ 45 ನಿಮಿಷ, ಗಳಿಕೆ 80 ರೂಪಾಯಿ. ಗಂಟೆಗೆ ಸುಮಾರು 107 ರೂಪಾಯಿ. ಅದೂ ಕನಿಷ್ಠ ಮೊತ್ತ ತಲುಪುವವರೆಗೆ ಕೈಗೆ ಬಾರದು. ಅಲ್ಲಿಯವರೆಗೆ ಅದನ್ನು ಸಂಶಯಾಸ್ಪದ ಬಾಕಿಯೆಂದೇ ಎಣಿಸಬೇಕು. ಮಿತಿ ತಲುಪಿದೊಡನೆ ಹಣವನ್ನು ಪಡೆದುಬಿಡುವುದು ಲೇಸು, ಏಕೆಂದರೆ ಅಂಕಗಳಿಗೆ ಅವಧಿ ಇರುತ್ತದೆ. ಗೂಗಲ್ ಸಂಸ್ಥೆಯ ಸಮೀಕ್ಷೆಗಳಲ್ಲಿ ಆಂಡ್ರಾಯ್ಡ್ ಬಳಕೆದಾರರಿಗೆ ನಗದು ಬದಲು ಅದರ ಪ್ಲೇ ಸ್ಟೋರ್‌ನಲ್ಲಿ ಮಾತ್ರ ಬಳಸಬಹುದಾದ ಜಮೆ ಸಿಗುತ್ತದೆ, ಅದೂ ಒಂದು ವರ್ಷದೊಳಗೆ ಮುಗಿಸಬೇಕು.

ಸಣ್ಣ ಕೈಗಾರಿಕೆಯವರಿಗೆ ನಿಜವಾದ ಬೆಲೆ ಇರುವುದು ಉದ್ಯಮ ಸಮೀಕ್ಷೆಗಳಲ್ಲಿ. ಲೇತ್ ಯಂತ್ರ, ಪ್ಯಾಕಿಂಗ್ ಸಾಮಗ್ರಿ, ಬ್ಯಾಂಕ್ ಸಾಲ ಮುಂತಾದವುಗಳ ಬಗ್ಗೆ ಖರೀದಿಯ ನಿರ್ಧಾರ ಮಾಡುವವರೇ ಉತ್ತರಿಸಬೇಕಾಗುತ್ತದೆ. ಅಂತಹವರು ವಿರಳವಾದ್ದರಿಂದ ಪ್ರತಿಫಲ ಹಲವು ಪಟ್ಟು ಹೆಚ್ಚು. ಆದರೆ ಅಲ್ಲಿಯೇ ಎಚ್ಚರವೂ ಹೆಚ್ಚು ಬೇಕು. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಮತ್ತು ಎಸೋಮಾರ್ ಸಂಸ್ಥೆಗಳ ಜಂಟಿ ನೀತಿಸಂಹಿತೆಯು ಸಂಶೋಧನೆಯ ಹೆಸರಿನಲ್ಲಿ ಮಾರಾಟ ಮಾಡಕೂಡದೆನ್ನುತ್ತದೆ. ಅದನ್ನು ಪಾಲಿಸದವರೂ ಪ್ರಶ್ನೆಪತ್ರಿಕೆ ಹಿಡಿದು ಬರಬಹುದು. ಸರಕು ಒದಗಿಸುವವರ ದರ, ಟೆಂಡರಿನ ಮೊತ್ತ, ಪ್ರಮುಖ ಗಿರಾಕಿಗಳ ಹೆಸರು, ತಯಾರಿಕಾ ವೆಚ್ಚದ ವಿವರ ಕೇಳಿದಾಗ ಐನೂರು ರೂಪಾಯಿಗೆ ಇವನ್ನು ಕೊಡಲಾಗದು. ಡೀಲರ್‌ಷಿಪ್ ಕರಾರಿನಲ್ಲಿ ಗೋಪ್ಯತೆಯ ಷರತ್ತು ಇದ್ದಲ್ಲಿ ಉತ್ತರವೇ ಕರಾರಿನ ಉಲ್ಲಂಘನೆಯಾದೀತು. ಕಚೇರಿಯ ಗುಮಾಸ್ತರು ಸಂಸ್ಥೆಯ ಪರವಾಗಿ ಉತ್ತರಿಸದಂತೆ ಮಾಲೀಕರು ಲಿಖಿತ ಸೂಚನೆ ನೀಡುವುದು ಒಳ್ಳೆಯದು.

ಈ ಗಳಿಕೆಯು ನಗದಾಗಲಿ ಉಡುಗೊರೆ ಕೂಪನ್ ಆಗಲಿ ತೆರಿಗೆಗೆ ಒಳಪಟ್ಟ ಆದಾಯವೇ ಆಗಿದೆ. ಜಿ.ಎಸ್.ಟಿ. ನೋಂದಣಿ ಇರುವವರು, ವಿಶೇಷವಾಗಿ ಕಾಂಪೊಸಿಷನ್ ಯೋಜನೆಯಲ್ಲಿರುವವರು, ನಿಯಮಿತವಾಗಿ ಹೀಗೆ ಗಳಿಸುತ್ತಿದ್ದರೆ ಅದು ಸೇವೆಯ ವಹಿವಾಟಿಗೆ ಸೇರುವುದೇ ಎಂಬುದನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ವಿಚಾರಿಸಬೇಕು. ವಿದೇಶಿ ಸಂಸ್ಥೆಗಳಿಂದ ಪೇಪಾಲ್ ಮೂಲಕ ಬರುವ ಹಣವು ವಿನಿಮಯದ ಕಡಿತದೊಂದಿಗೆ ರೂಪಾಯಿಯಲ್ಲಿ ಬ್ಯಾಂಕಿಗೆ ಜಮೆಯಾಗುತ್ತದೆ. ಅದನ್ನು ಅಂಗಡಿಯ ಚಾಲ್ತಿ ಖಾತೆಗೆ ಬೆರೆಸದೆ ಉಳಿತಾಯ ಖಾತೆಗೆ ತೆಗೆದುಕೊಂಡು, ತಿಂಗಳಿಗೊಮ್ಮೆ ವಿವರಪಟ್ಟಿಯನ್ನು ಮುದ್ರಿಸಿ ಕಡತದಲ್ಲಿ ಇಡತಕ್ಕದ್ದು.