ಕುವೈತ್‌ನ ಮನೆಪಾಠದ ಮಕ್ಕಳು ವಿಧಾನಸೌಧಕ್ಕೆ ಹೊರಟಾಗ

ಕುವೈತ್‌ನ ಅಬ್ಬಾಸಿಯಾದ ಫ್ಲ್ಯಾಟಿನಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಫರ್ವಾನಿಯಾ ಗೊತ್ತು, ಹವಲ್ಲಿ ಗೊತ್ತು. ಕುವೈತ್‌ನ ಆರು ಗವರ್ನರೇಟುಗಳಲ್ಲಿ ಇವು ಎರಡು. ಆದರೆ ಇವಕ್ಕೆ ಸ್ವಂತ ಶಾಸನಸಭೆಯಿಲ್ಲ, ಮುಖ್ಯಮಂತ್ರಿಯಿಲ್ಲ. ಹಾಗಾಗಿ ‘ರಾಜ್ಯ ಸರ್ಕಾರ’ ಎಂಬ ಪಾಠ ಪುಸ್ತಕದಲ್ಲೇ ಉಳಿದುಬಿಡುತ್ತದೆ. ಮಕ್ಕಳಿಗೆ ಮನೆಯಲ್ಲೇ ಕಲಿಸುವ ನಾಲ್ಕೈದು ಕುಟುಂಬಗಳು ರಜೆಗೆ ಊರಿಗೆ ಬಂದಾಗ ಕೂಡಿ ವಿಧಾನಸೌಧ ನೋಡುವುದು ಇದಕ್ಕೆ ಒಳ್ಳೆಯ ದಾರಿ. ಶಾಲೆಯ ಮೊಹರು ಇಲ್ಲದಿದ್ದರೂ ಈ ಮಕ್ಕಳು ಪೂರ್ಣ ನಾಗರಿಕರು.

ಹೊರಡುವ ಮುನ್ನ

ಕುವೈತ್‌ನಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕೆಂದು 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ತಡವಾಗಿದ್ದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಹದಿನೈದು ತುಂಬದ ಮಕ್ಕಳ ಪಾಸ್‌ಪೋರ್ಟಿನ ಅವಧಿ ಹೆಚ್ಚೆಂದರೆ ಐದು ವರ್ಷ. ಅದನ್ನು ನೋಡಿಕೊಂಡೇ ಟಿಕೆಟ್ ತೆಗೆಯಿರಿ. ಖಾಸಗಿ ಕಂಪನಿಯಲ್ಲಿ ದುಡಿಯುವ, 18ನೇ ವಿಧಿಯ ಇಕಾಮಾ (ವಾಸ ಪರವಾನಗಿ) ಇರುವವರು 2025ರ ಜುಲೈ 1ರಿಂದ ದೇಶ ಬಿಡುವ ಮುನ್ನ ಉದ್ಯೋಗದಾತರ ಒಪ್ಪಿಗೆಯ ನಿರ್ಗಮನ ಪರವಾನಗಿ ಪಡೆಯಬೇಕು. ಬೇರೆಯವರ ಮಕ್ಕಳನ್ನು ಕರೆದೊಯ್ಯುವವರು ತಂದೆತಾಯಿಯ ಸಹಿ ಇರುವ ಒಪ್ಪಿಗೆ ಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳಿ.

ವಿಧಾನಸೌಧದಲ್ಲಿ

ಕೆಂಗಲ್ ಹನುಮಂತಯ್ಯನವರು ಮುಂದೆ ನಿಂತು ಕಟ್ಟಿಸಿದ ಈ ಸೌಧವನ್ನು ಒಳಹೊಕ್ಕು ನೋಡಲು ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 2025ರ ಜೂನ್‌ನಲ್ಲಿ ಮಾರ್ಗದರ್ಶಿ ಸಹಿತ ವೀಕ್ಷಣೆ ಆರಂಭಿಸಿತು. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರಗಳಂದು ಅವಕಾಶವಿದೆ. ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು. ಮನೆಪಾಠದ ಮಕ್ಕಳಿಗೆ ಶಾಲೆಯ ಗುರುತಿನ ಚೀಟಿ ಇರುವುದಿಲ್ಲ. ಪಾಸ್‌ಪೋರ್ಟ್ ಅಥವಾ ಆಧಾರ್ ಒಯ್ಯಿರಿ. 224 ಸದಸ್ಯರ ವಿಧಾನಸಭೆ ಮತ್ತು 75 ಸದಸ್ಯರ ವಿಧಾನಪರಿಷತ್ತಿನ ವ್ಯತ್ಯಾಸವನ್ನು ಮನೆಯಲ್ಲೇ ಹೇಳಿಕೊಟ್ಟು ಕರೆತನ್ನಿ. ಕಲಾಪವನ್ನೇ ನೋಡಬೇಕೆಂದರೆ ಅಧಿವೇಶನದ ದಿನಾಂಕ ತಿಳಿದು, ನಿಮ್ಮ ಕ್ಷೇತ್ರದ ಶಾಸಕರ ಮೂಲಕ ಗ್ಯಾಲರಿ ಪಾಸಿಗೆ ಕೋರಿಕೆ ಸಲ್ಲಿಸಿ.

ನೋಡಿದ ಮೇಲೆ

ನೋಡಿ ಬಂದರಷ್ಟೇ ಸಾಲದು, ಮಕ್ಕಳಿಂದ ಒಂದು ಅರ್ಜಿ ಬರೆಸಿ. 2005ರ ಮಾಹಿತಿ ಹಕ್ಕು ಕಾಯ್ದೆಯ 3ನೇ ಸೆಕ್ಷನ್ ಎಲ್ಲ ನಾಗರಿಕರಿಗೂ ಹಕ್ಕು ಕೊಡುತ್ತದೆ. ವಯಸ್ಸಿನ ಮಿತಿ ಹೇಳುವುದಿಲ್ಲ. ಅಜ್ಜಿಯೂರಿನ ಶಾಲೆಯ ಕಟ್ಟಡಕ್ಕೆ ಎಷ್ಟು ಹಣ ಬಂತು ಅಥವಾ ಕೆರೆಯ ಹೂಳೆತ್ತಲು ಎಷ್ಟು ಖರ್ಚಾಯಿತು ಎಂದು ಕೇಳಲಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದ ಮೀರದಂತಿರಬೇಕು; ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಮನೆಪಾಠ ಮತ್ತು ಕಾನೂನು

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದು. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು 10ನೇ ಸೆಕ್ಷನ್ ಹೇಳಿದರೂ ದಂಡ ವಿಧಿಸಿಲ್ಲ. ಕುವೈತ್ ಬಿಟ್ಟು ಊರಿಗೆ ಮರಳಿದರೆ, ಶಾಲೆಗೇ ಹೋಗದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು 4ನೇ ಸೆಕ್ಷನ್ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಹತ್ತನೇ ತರಗತಿ ಮಟ್ಟದ ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿಯಿದೆ; 14 ತುಂಬಿರಬೇಕು.

ಪೋಷಕರೇ, ನಿಮಗೂ ಒಂದು ಪಾಠ

ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿ ಭಾರತೀಯರು ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ಮತಪಟ್ಟಿಗೆ ಸೇರಬಹುದು. ಮತಗಟ್ಟೆಗೆ ಮೂಲ ಪಾಸ್‌ಪೋರ್ಟಿನೊಂದಿಗೆ ಖುದ್ದಾಗಿ ಹೋಗಬೇಕು. ಸೌಧದ ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಂಡು ಬಂದ ಸಂಜೆಯೇ ಮಕ್ಕಳ ಮುಂದೆ ಕುಳಿತು ಆ ನಮೂನೆ ತುಂಬಿ. ಅಪ್ಪ ಅಮ್ಮ ಬಳಸದ ಹಕ್ಕನ್ನು ಮಕ್ಕಳು ಕಲಿಯುವುದಿಲ್ಲ.