ಕಾರಿನ ಸೈಲೆನ್ಸರ್ ಸದ್ದು: ಕಿವಿಗಿಂತ ಉಸಿರಿಗೆ ಅಪಾಯ

ಮೋಕದಿಂದ ಬಳ್ಳಾರಿಗೆ ಬಂದಿದ್ದ ಕುಟುಂಬವೊಂದು ಒಮ್ಮೆ ನನ್ನ ಮುಂದೆ ಕುಳಿತಿತ್ತು. ತಾಯಿಗೆ ತಲೆನೋವು, ಇಬ್ಬರು ಮಕ್ಕಳಿಗೆ ಹೊಟ್ಟೆ ತೊಳಸು. ಜ್ವರವಿಲ್ಲ, ಭೇದಿಯಿಲ್ಲ.

"ಕಾರಿನಾಗ ಕುಂತ್ರ ಸಾಕ್ರಿ ಡಾಕ್ಟ್ರೇ, ಹುಡುಗ್ರಿಗೆ ವಾಂತಿ ಬಂದಂಗ ಆಗತೈತಿ. ಇಳಿದು ಗಾಳಿಗೆ ನಿಂತ್ರ ಸರಿ ಹೋಗ್ತಾರ" ಎಂದರು ತಂದೆ. ಕಾರು ಸದ್ದು ಮಾಡುತ್ತದೆಯೇ ಎಂದು ಕೇಳಿದೆ. "ಎರಡು ತಿಂಗಳಿಂದ ಟ್ರ್ಯಾಕ್ಟರ್ ಆಗೇತ್ರಿ. ಓಡಾಕ ಏನೂ ತೊಂದ್ರಿ ಇಲ್ಲಂತ ಹಂಗ ಬಿಟ್ಟೀವಿ."

ಔಷಧಿ ಬರೆಯುವ ಮೊದಲು ಮೆಕ್ಯಾನಿಕ್‌ಗೆ ತೋರಿಸಿ ಎಂದೆ. ಹಿಂದಿನ ಸೀಟಿನ ಕೆಳಗೆ ಹೊಗೆ ಕೊಳವೆ ತುಕ್ಕು ಹಿಡಿದು ತೂತಾಗಿತ್ತು. ಅಲ್ಲೇ ಮೇಲೆ ಕಾರಿನ ತಳದ ರಬ್ಬರ್ ಬಿರಡೆಯೊಂದು ಬಿದ್ದುಹೋಗಿತ್ತು. ಎರಡನ್ನೂ ಸರಿಪಡಿಸಿದ ಮೇಲೆ ತಲೆನೋವು ಮರಳಲಿಲ್ಲ.

ಕಾಣದ ವಿಷ

ಪೆಟ್ರೋಲ್ ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹೀಗಾಗಿ ಉಸಿರಾಟ ನಡೆಯುತ್ತಿದ್ದರೂ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. 1890ರ ದಶಕದಲ್ಲಿ ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ತಾವೇ ಈ ಅನಿಲವನ್ನು ಉಸಿರಾಡಿ ಅದರ ಪರಿಣಾಮವನ್ನು ದಾಖಲಿಸಿದರು. ಗಣಿಗಳಲ್ಲಿ ಅಪಾಯ ತಿಳಿಯಲು ಪುಟ್ಟ ಹಕ್ಕಿಗಳನ್ನು ಒಯ್ಯುವ ಪದ್ಧತಿ ಅವರ ಸಲಹೆಯಿಂದ ಬಂತು.

ತಲೆನೋವು, ತಲೆಸುತ್ತು, ಓಕರಿಕೆ, ಸುಸ್ತು, ಮಂಕು ಇದರ ಲಕ್ಷಣಗಳು. ಪ್ರಯಾಣದ ವಾಂತಿಯೆಂದು ಸುಲಭವಾಗಿ ಮೋಸ ಹೋಗಬಹುದು. ಗುರುತು ಎರಡು: ಕಾರಿನಲ್ಲಿದ್ದ ಹಲವರಿಗೆ ಒಟ್ಟಿಗೇ ಬರುತ್ತದೆ, ಹೊರಗಿನ ಗಾಳಿಯಲ್ಲಿ ಕಡಿಮೆಯಾಗುತ್ತದೆ. ಗರ್ಭಿಣಿಯರು, ಕೂಸುಗಳು, ಹೃದ್ರೋಗಿಗಳು ಮತ್ತು ರಕ್ತಹೀನತೆ ಇರುವವರಿಗೆ ಅಪಾಯ ಹೆಚ್ಚು.

ಡೀಸೆಲ್ ಎಂಜಿನ್‌ನಲ್ಲಿ ಈ ಅನಿಲ ಕಡಿಮೆ. ಆದರೆ ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಸಾರಿದೆ. ಆದ್ದರಿಂದ ಡೀಸೆಲ್ ಗಾಡಿಯವರೂ ಸುಮ್ಮನಿರುವಂತಿಲ್ಲ.

ಸದ್ದು ಏನು ಹೇಳುತ್ತದೆ?

* ಬೆಳಿಗ್ಗೆ ಚಾಲೂ ಮಾಡಿದಾಗ "ಟಿಕ್ ಟಿಕ್", ಎಂಜಿನ್ ಕಾದ ಮೇಲೆ ಕಡಿಮೆ: ಎಂಜಿನ್‌ಗೆ ಕೊಳವೆ ಸೇರುವಲ್ಲಿ ಗ್ಯಾಸ್ಕೆಟ್ ಸೋರುತ್ತಿರಬಹುದು.
* ಗುಡುಗಿನಂಥ ದಪ್ಪ ಸದ್ದು: ಕೊಳವೆಯಲ್ಲಿ ಅಥವಾ ಸೈಲೆನ್ಸರ್ ಡಬ್ಬಿಯಲ್ಲಿ ತೂತು.
* "ಬುಸ್" ಎಂಬ ಸದ್ದು: ಎರಡು ಕೊಳವೆ ಕೂಡುವ ಜಾಗದಲ್ಲಿ ಸೋರಿಕೆ.
* ತಗಡು ಬಡಿದಂತೆ "ಗಡಗಡ": ಶಾಖ ತಡೆಯುವ ತಗಡು ಸಡಿಲ, ಇಲ್ಲವೇ ತೂಗು ರಬ್ಬರ್ ಹರಿದಿದೆ.
* ಡಬ್ಬಿಯೊಳಗೆ ಕಲ್ಲು ಅಲುಗಿದಂತೆ: ಒಳಗಿನ ಭಾಗ ಅಥವಾ ಕ್ಯಾಟಲಿಟಿಕ್ ಕನ್ವರ್ಟರ್ ಒಡೆದಿದೆ.

ಮನೆಯಲ್ಲೇ ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಾಗಲಿ. ಬಯಲಿನ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗಾಲಿಗಳಿಗೆ ಕಲ್ಲು ಕೊಡಿ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ನುಸುಳಬೇಡಿ. ಜ್ಯಾಕ್ ಜಾರಿದರೆ ಜೀವ ಹೋಗುತ್ತದೆ. ಪಕ್ಕದಲ್ಲಿ ಮಲಗಿ ಟಾರ್ಚ್ ಬಿಟ್ಟು ನೋಡಿ. ಎಲ್ಲಿ ಕಪ್ಪು ಮಸಿ ಹರಡಿದೆಯೋ ಅಲ್ಲೇ ಸೋರಿಕೆ. ಕೈಗವಸು ಹಾಕಿ ಕೊಳವೆಯನ್ನು ಮೆಲ್ಲಗೆ ಅಲುಗಿಸಿದರೆ ಸಡಿಲ ಭಾಗ ತಿಳಿಯುತ್ತದೆ.

ಮಸಿ ಕಾಣದಿದ್ದರೆ ಕೂಡಿಕೆಗಳಿಗೆ ಸೋಪಿನ ನೀರು ಸವರಿ. ಒಬ್ಬರು ಎಂಜಿನ್ ಚಾಲೂ ಮಾಡಲಿ. ಇನ್ನೊಬ್ಬರು ಕೈಗವಸು ತೊಟ್ಟು, ಹೊಗೆಗೆ ಮುಖವೊಡ್ಡದೆ, ಒದ್ದೆ ದಪ್ಪ ಬಟ್ಟೆಯಿಂದ ಹಿಂದಿನ ಬಾಯಿಯನ್ನು ಎರಡು ಮೂರು ಸೆಕೆಂಡು ಮಾತ್ರ ಮುಚ್ಚಲಿ. ಸೋರುವಲ್ಲಿ ಗುಳ್ಳೆ ಏಳುತ್ತದೆ, "ಬುಸ್" ಎನ್ನುತ್ತದೆ. ಇದನ್ನು ಮುಚ್ಚಿದ ಶೆಡ್ಡಿನಲ್ಲಿ ಮಾಡಲೇಬಾರದು. ಬಾಗಿಲು ತೆರೆದಿದ್ದರೂ ವಿಷ ತುಂಬಬಹುದು.

ನಿಮ್ಮಿಂದ ಆಗುವ ರಿಪೇರಿ

ಹರಿದ ತೂಗು ರಬ್ಬರ್ ಬದಲಿಸಬಹುದು. ಸಡಿಲ ಕ್ಲ್ಯಾಂಪನ್ನು ಬಿಗಿಗೊಳಿಸಬಹುದು. ಅಲುಗುವ ಶಾಖದ ತಗಡನ್ನು ಸ್ಟೀಲ್ ಕ್ಲಿಪ್ಪಿನಿಂದ ಕಟ್ಟಬಹುದು. ಸೈಲೆನ್ಸರ್ ಡಬ್ಬಿಯ ಸಣ್ಣ ತೂತಿಗೆ ತಂತಿ ಬ್ರಷ್‌ನಿಂದ ತುಕ್ಕು ತೆಗೆದು, ಸೈಲೆನ್ಸರ್‌ಗೆಂದೇ ಸಿಗುವ ಶಾಖ ತಡೆಯುವ ಪೇಸ್ಟ್ ಹಚ್ಚಿ, ಒಣಗಲು ಬಿಡಿ. ಇದು ಗ್ಯಾರೇಜು ಮುಟ್ಟುವವರೆಗಿನ ತೇಪೆ ಮಾತ್ರ. ನಲ್ಲಿ ಪೈಪಿಗೆ ಹಚ್ಚುವ ಸಾಮಾನ್ಯ ಅಂಟು ಈ ಶಾಖಕ್ಕೆ ತಾಳುವುದಿಲ್ಲ.

ಎಂಜಿನ್ ಬಳಿಯ ಸೋರಿಕೆ, ಪ್ರಯಾಣಿಕರ ಕೆಳಗಿನ ತೂತು, ಕನ್ವರ್ಟರ್ ದೋಷ ಇವು ಮೆಕ್ಯಾನಿಕ್ ಕೆಲಸ. ಪೆಟ್ರೋಲ್ ಟ್ಯಾಂಕಿನ ಸಮೀಪ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಕನ್ವರ್ಟರ್ ಕಿತ್ತು ಬರೀ ಪೈಪು ಹಾಕಿಸುವುದು ಇನ್ನೂ ಕೆಟ್ಟದ್ದು. ಕಾರ್ಬನ್ ಮೊನಾಕ್ಸೈಡನ್ನು ತಗ್ಗಿಸುವ ಸಾಧನವೇ ಅದು.

ನಮ್ಮ ಭಾಗದವರು ಗಮನಿಸಿ

ಎರೆಮಣ್ಣಿನ ಕೆಸರು ಕೊಳವೆಗೆ ಮೆತ್ತಿಕೊಂಡರೆ ಹಸಿ ಉಳಿದು ತುಕ್ಕು ಬೇಗ ಬರುತ್ತದೆ. ಮಳೆಗಾಲದಲ್ಲಿ ಹೊಲದಿಂದ ಬಂದ ಮೇಲೆ, ಕೊಳವೆ ಆರಿದ ನಂತರ, ಕೆಳಭಾಗಕ್ಕೂ ನೀರು ಹೊಡೆಯಿರಿ. ಸುಗ್ಗಿಯಲ್ಲಿ ರಸ್ತೆಗೆ ಹರಡಿದ ಒಕ್ಕಣೆಯ ಮೇಲೆ ಕಾರು ಹರಿಸಿದರೆ ಹುಲ್ಲು ಬಿಸಿ ಕೊಳವೆಗೆ ಸುತ್ತಿಕೊಂಡು ಬೆಂಕಿ ಹತ್ತಬಹುದು. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಲೂ ಬೇಡಿ.

ಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ಏಸಿ ಹಾಕಿ, ಒಳಗಿನ ಗಾಳಿಯನ್ನೇ ತಿರುಗಿಸುತ್ತ ಹೋಗುವಾಗ ಸೋರಿದ ಅನಿಲ ಒಳಗೇ ಸೇರುತ್ತ ಹೋಗುತ್ತದೆ. ಮದುವೆ ಮನೆಯ ಮುಂದೆ, ಜಾತ್ರೆಯಲ್ಲಿ ಎಂಜಿನ್ ಚಾಲೂ ಇಟ್ಟು ಕಾರಿನಲ್ಲಿ ನಿದ್ದೆ ಮಾಡುವುದು ಪ್ರಾಣಕ್ಕೆ ಎರವು. ಡಿಕ್ಕಿ ತೆರೆದಿಟ್ಟು ಮೂಟೆ ಸಾಗಿಸಿದರೂ ಹಿಂದಿನ ಹೊಗೆ ಒಳಕ್ಕೆ ಸೆಳೆದುಕೊಳ್ಳುತ್ತದೆ.

ಸದ್ದೂ ರೋಗವೇ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. 85 ಡೆಸಿಬಲ್ ಸದ್ದಿನಲ್ಲಿ ದಿನಾ ಎಂಟು ತಾಸು ವರ್ಷಗಟ್ಟಲೆ ಇದ್ದರೆ ಕಿವಿ ಮಂದವಾಗಬಹುದು. ಬೇಕೆಂದೇ ಸೈಲೆನ್ಸರ್ ಬದಲಿಸಿ ಅಬ್ಬರಿಸುವ ಯುವಕರ ಮನೆಯವರು ಇನ್ನೊಂದು ಮಾತು ತಿಳಿದಿರಲಿ: ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 2019ರ ತಿದ್ದುಪಡಿಯ ಪ್ರಕಾರ ಹತ್ತು ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು.

ಯಾರಾದರೂ ಕುಸಿದರೆ

ಎಂಜಿನ್ ಆರಿಸಿ, ಬಾಗಿಲು ತೆರೆದು, ಅವರನ್ನು ಬಯಲಿಗೆ ತನ್ನಿ. 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು, ಮಜ್ಜಿಗೆ ಹಾಕಬೇಡಿ. ಈರುಳ್ಳಿ ಮೂಸಿಸುತ್ತ ಹೊತ್ತು ಕಳೆಯಬೇಡಿ. ಉಸಿರು ನಿಂತಿದ್ದರೆ, ಬಲ್ಲವರು ಕೂಡಲೇ ಎದೆ ಒತ್ತಿ ಕೃತಕ ಉಸಿರು ಕೊಡಲಿ. ಆಸ್ಪತ್ರೆಯಲ್ಲಿ "ಮುಚ್ಚಿದ ಕಾರಿನಲ್ಲಿದ್ದರು" ಎಂದು ಮೊದಲೇ ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷದಲ್ಲಿ ಎಲ್ಲ ಸರಿಯಿದೆ ಎಂದೇ ತೋರಿಸಬಹುದು. ಅದನ್ನು ನಂಬಿ ಮನೆಗೆ ಮರಳಬೇಡಿ. ಇದಕ್ಕೆ ಮದ್ದು ಆಮ್ಲಜನಕ. ಸಾಮಾನ್ಯ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕು. ಮುಖವಾಡದಿಂದ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ತಾಸು ಸಾಕು.

ಕಾರು ಹೊಸದಾಗಿ ಸದ್ದು ಮಾಡತೊಡಗಿದರೆ, ರಿಪೇರಿಯಾಗುವ ತನಕ ಮಕ್ಕಳನ್ನು ಅದರಲ್ಲಿ ದೂರ ಕರೆದೊಯ್ಯಬೇಡಿ. ಅನಿವಾರ್ಯವಾದರೆ ಎಲ್ಲ ಕಿಟಕಿಗಳನ್ನು ಇಳಿಸಿ, ನೇರವಾಗಿ ಗ್ಯಾರೇಜಿಗೆ ನಡೆಯಿರಿ.